ಕಂಬಳಿ ಹೊದ್ದ ಮಂಜುಗಡ್ಡೆ

ನನ್ನ ಮಾವನವರು ಹಿಮಾಲಯ ನೋಡಿ ಬೇಸರ ಮಾಡಿಕೊಂಡರು ಎಂದರೆ ಯಾರೂ ಮೊದಲು ನಂಬುವುದಿಲ್ಲ. ಅಲ್ಲಿಗೆ ಹೋದವರು ಕೈ ಮುಗಿಯುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಮಾವನವರು ಮೂಗು ಮುರಿದು, "ಇದೇನ್ ಅಳಿಯಂದ್ರೆ, ಒಗೆಯಾಕೆ ಹಾಕಿರೋ ಪಂಚೆ ಇದ್ದಂಗೈತೆ" ಅಂದರು.

ಅವರ ಊರು ಮಡಕಶಿರಾದಿಂದ ಅಗಳಿಗೆ ಹೋಗುವ ದಾರಿಯಲ್ಲಿ ಆಟೊ ಇಳಿದು ಸ್ವಲ್ಪ ದೂರ ನಡೆಯಬೇಕಾದ ಒಂದು ಹಳ್ಳಿ. ಒಂದು ಹಿಂಡು ಕುರಿ, ಮಳೆ ಬಂದರೆ ಕಡಲೆಕಾಯಿ ಬೆಳೆಯುವ ಹೊಲ, ಬೇಸಿಗೆ ಚಳಿಗಾಲ ಎನ್ನದೆ ಹೆಗಲ ಮೇಲೆ ಒಂದು ಕರಿ ಕಂಬಳಿ. ನಾನು ರಾಯದುರ್ಗದವನು. ನಾನೂ ನನ್ನ ಹೆಂಡತಿಯೂ ಮನೆಯ ಕೆಳಗೇ ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಯೂನಿಟ್ಟು ನಡೆಸುತ್ತೇವೆ. ನಡೆಸುವುದು ಅವಳು, ನಾನು ಜೊತೆಗಿರುತ್ತೇನೆ. ನಮ್ಮಲ್ಲಿ ಗಾಳಿಯೇ ನೀಲಿ. ಬಟ್ಟೆ ಕತ್ತರಿಸುವಾಗ ಏಳುವ ನೂಲಿನ ಧೂಳು ಕಿಟಕಿಯ ಸರಳಿನ ಮೇಲೆ, ಮೊಸರಿನ ಕೆನೆಯ ಮೇಲೆ, ಮೂಗಿನ ಒಳಗೆ ಎಲ್ಲೆಲ್ಲೂ ಕೂರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಕರವಸ್ತ್ರ ಒಗೆಯುವಾಗ ಹೆಂಡತಿ ನನಗೆ ಯಾವುದೋ ದೊಡ್ಡ ರೋಗವಿದೆಯೆಂದು ಹೆದರಿ, ತವರಿಗೆ ಫೋನು ಮಾಡಿದ್ದಳಂತೆ.

ಮಾವನವರಿಗೆ ಬದರಿಗೆ ಹೋಗಿ ಬರಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಅಡುಗೆಯವರನ್ನೂ ಜೊತೆಗೇ ಕರೆದೊಯ್ಯುವ ಒಂದು ಯಾತ್ರೆಯ ಗುಂಪಿನಲ್ಲಿ ಜಾಗ ಸಿಕ್ಕಿತು. ಹಿಂದಿ ಬರುವ ಒಬ್ಬರು ಜೊತೆಗೆ ಬೇಕಾಗಿತ್ತು. ನನಗೆ ಹಿಂದಿ ಬರುತ್ತದೆ ಎಂದು ಮದುವೆಯ ಮಾತುಕತೆಯಲ್ಲೇ ನಮ್ಮವರು ಹೇಳಿದ್ದರಿಂದ ನಾನೇ ಹೊರಡಬೇಕಾಯಿತು.

ಅತ್ತೆಯವರು ಬರಲಿಲ್ಲ. ಕುರಿಗಳು ಮರಿ ಹಾಕುವ ಕಾಲ, ಬಿಟ್ಟು ಬರಲಾಗದು ಎಂದರು. ಆದರೆ ಹೊರಡುವ ದಿನ ಗಂಡನ ಕೈಗೆ ಸ್ಟೀಲಿನ ಫ್ಲಾಸ್ಕೊಂದನ್ನು ಕೊಟ್ಟರು.

"ನಂಗೊಂದು ಹಿಡಿ ಮಂಜು ತಂದ್ಕೊಡಿ, ಸಾಕು."

"ಮಂಜು ತಗೊಂಡು ಏನ್ ಮಾಡ್ತೀಯ? ಸಾರು ಮಾಡ್ತೀಯ?" ಎಂದರು ಮಾವ.

"ಸಿನಿಮಾದಾಗೆ ಆ ಹುಡುಗೀರು ತೆಳ್ಳನೆ ಸೀರೆ ಉಟ್ಕೊಂಡು ಮಂಜಿನ ಮ್ಯಾಲೆ ಕುಣೀತಾರಲ್ಲ. ಅವ್ರಿಗೆ ಚಳಿ ಆಗಲ್ವಾ ಅಂತ ನಾನು ಬಾಳ ದಿನದಿಂದ ಯೋಚ್ನೆ ಮಾಡ್ತಿದೀನಿ. ಮುಟ್ಟಿ ನೋಡ್ಬೇಕು."

ಹೀಗೆ ಫ್ಲಾಸ್ಕು, ಕಂಬಳಿ, ಒಂದು ಡಬ್ಬಿ ಕಡಲೆಕಾಯಿ ಚಟ್ನಿಪುಡಿಯ ಜೊತೆಗೆ ನಾವು ಉತ್ತರಕ್ಕೆ ಹೊರಟೆವು.

ದೇವರ ದರ್ಶನವಾದ ಮೇಲೆ, ಇನ್ನೂ ಮೇಲೆ ಹೋದರೆ ಮಂಜನ್ನು ಕೈಯಲ್ಲಿ ಮುಟ್ಟಬಹುದು ಎಂದು ಗುಂಪಿನ ಮುಖಂಡ ಹೇಳಿದ. ಜೀಪಿನಲ್ಲಿ ಹೋಗಿ, ಆಮೇಲೆ ಏದುಸಿರು ಬಿಡುತ್ತಾ ನಡೆದೆವು. ಮಾವನವರಿಗೆ ಏದುಸಿರೇನೂ ಇರಲಿಲ್ಲ. ಕುರಿಯ ಹಿಂದೆ ನಡೆದ ಕಾಲುಗಳು. ನನ್ನನ್ನೇ ಒಂದು ಕುರಿಯಂತೆ "ಹ್ರೋ, ಹ್ರೋ" ಎಂದು ಹೊಡೆದುಕೊಂಡು ಹೋದರು. ಬೆಟ್ಟದ ಸಂದಿನಿಂದ ಇಳಿದುಬಂದ ಹಳೆಯ ಹಿಮದ ಒಂದು ದೊಡ್ಡ ಹಾಸು ದಾರಿಯ ಪಕ್ಕದಲ್ಲೇ ಬಿದ್ದಿತ್ತು. ದೂರದ ಶಿಖರಗಳು ಬೆಳ್ಳಗೇ ಇದ್ದವು. ಆದರೆ ನಮ್ಮ ಕಾಲಬಳಿ ಬಿದ್ದಿದ್ದ ಹಿಮದ ಮೈಯೆಲ್ಲ ಕಂದು, ಬೂದಿ, ಕಪ್ಪು. ಅಲ್ಲಲ್ಲಿ ಸಣ್ಣ ಗುಂಡಿಗಳು, ಒಂದೊಂದು ಗುಂಡಿಯ ತಳದಲ್ಲೂ ಒಂದು ಚಿಟಿಕೆ ಕರಿಪುಡಿ. ಮಾವನವರು ಪಂಚೆಯ ಮಾತು ಹೇಳಿದ್ದು ಅದನ್ನು ನೋಡಿಯೇ.

ಪಕ್ಕದಲ್ಲಿ ತಗಡಿನ ಸೂರಿನ ಕೆಳಗೆ ಒಬ್ಬ ಚಹಾ ಮಾರುತ್ತಿದ್ದ. "ಮಂಜು ಯಾಕೆ ಹಿಂಗೈತೆ ಅಂತ ಕೇಳಿ ಅಳಿಯಂದ್ರೆ" ಎಂದು ಮಾವನವರು ನನ್ನ ಹಿಂದಿಯನ್ನು ಪರೀಕ್ಷೆಗೆ ಒಡ್ಡಿದರು. ನಾನು ಕೇಳಿದೆ. ಚಹಾದವನು ಒಳ್ಳೆಯ ಮಾತುಗಾರ. ಅವನು ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯಿತು, ಉಳಿದರ್ಧವನ್ನು ನಾನೇ ತುಂಬಿಕೊಂಡೆ. ಬೇಸಿಗೆಯಲ್ಲಿ ಕೆಳಗಿನ ಕಾಡುಗಳಿಗೆ ಬೆಂಕಿ ಬೀಳುತ್ತದೆ, ಆ ಹೊಗೆ ಮೇಲೇರಿ ಇಲ್ಲಿ ಕೂರುತ್ತದೆ. ಗಾಡಿಗಳ ಹೊಗೆ, ಒಲೆಗಳ ಮಸಿ, ದೂರದ ಮರಳುಗಾಡಿನಿಂದ ಗಾಳಿಯಲ್ಲಿ ಬರುವ ಧೂಳು, ಎಲ್ಲ ಬಂದು ಕೂರುವುದು ಹಿಮದ ಮೇಲೆಯೇ. ಬಿಳಿ ಹಿಮ ಬಿಸಿಲನ್ನು ವಾಪಸು ಎಸೆಯುತ್ತದೆ, ಕೊಳೆಯಾದ ಹಿಮ ಬಿಸಿಲನ್ನು ಕುಡಿಯುತ್ತದೆ, ಕುಡಿದದ್ದು ಬೇಗ ಕರಗುತ್ತದೆ. ತಾನು ಚಿಕ್ಕವನಿದ್ದಾಗ ಇದೇ ಹಾಸು ಎಷ್ಟೋ ಕೆಳಗಿನವರೆಗೂ ಚಾಚಿಕೊಂಡಿತ್ತು ಎಂದು ಕೈ ತೋರಿಸಿದ. ಹೀಗೆ ಹೇಳುತ್ತಿರುವಾಗ ಅವನ ಒಲೆಯಿಂದ ದಟ್ಟ ಕರಿಹೊಗೆ ಎದ್ದು, ನೆಟ್ಟಗೆ ಹೋಗಿ ಆ ಹಿಮದ ಮೇಲೆಯೇ ಇಳಿಯುತ್ತಿತ್ತು. ಅವನೂ ಅದನ್ನು ನೋಡಿದ, ನಾನೂ ನೋಡಿದೆ. ಇಬ್ಬರೂ ಚಹಾ ಕುಡಿದೆವು.

ನಾನು ಇದನ್ನೆಲ್ಲ ಕನ್ನಡಕ್ಕೆ ತಂದಾಗ ಮಾವನವರ ಮುಖ ಗಂಭೀರವಾಯಿತು.

"ಗಾಳಿಯಾಗೆ ಅಷ್ಟು ದೂರದಿಂದ ಧೂಳು ಬತ್ತದಾ?"

"ಬರುತ್ತಂತೆ."

"ಹಂಗಾದ್ರೆ ನಮ್ಮ ಕುರಿ ಎಬ್ಬಿಸೋ ಧೂಳು? ಕೇಳಿ, ಕೇಳಿ. ಅಗಳಿ ಕಡೆ ಧೂಳೂ ಇಲ್ಲಿಗೆ ಬಂದೈತಾ ಅಂತ."

ನನ್ನ ಹಿಂದಿಯಲ್ಲಿ ಇದನ್ನು ಕೇಳುವುದು ಸುಲಭವಾಗಿರಲಿಲ್ಲ. ನಾನು ಕೇಳಿದ್ದು ಚಹಾದವನಿಗೆ ಹೇಗೆ ಅರ್ಥವಾಯಿತೋ, ಅವನು ಎದ್ದು ನಿಂತು, "ಕುರಿ ಇಲ್ಲಿ ಸಿಗುವುದಿಲ್ಲ, ಬ್ರೆಡ್ ಆಮ್ಲೆಟ್ ಇದೆ" ಎಂದ. ನಾನು ಮಾವನವರಿಗೆ, "ಬಂದರೂ ಬಂದಿರಬಹುದಂತೆ" ಎಂದೆ. ಅವರು ಅರ್ಧ ಹೆದರಿಕೆಯಿಂದ, ಅರ್ಧ ಹೆಮ್ಮೆಯಿಂದ ಆ ಹಿಮವನ್ನು ಬಗ್ಗಿ ನೋಡಿದರು, ತಮ್ಮೂರಿನ ಮಣ್ಣಿನ ಗುರುತು ಸಿಗಬಹುದೇನೋ ಎಂಬಂತೆ. ಆಮೇಲೆ ಇದ್ದುದರಲ್ಲಿ ಬೆಳ್ಳಗಿದ್ದ ಕಡೆ ಕೆರೆದು ಫ್ಲಾಸ್ಕು ತುಂಬಿದರು. ಬೆಳ್ಳಗಿದ್ದ ಕಡೆ ಎಂದರೂ ನಮ್ಮ ರಾಗಿಹಿಟ್ಟಿನ ಬಣ್ಣವೇ.

ವಾಪಸು ಬರುವಾಗ ರೈಲಿನಲ್ಲಿ ಆ ಫ್ಲಾಸ್ಕಿಗೆ ವಿಶ್ರಾಂತಿ ಸಿಗಲಿಲ್ಲ. ಪಕ್ಕದ ಸೀಟಿನವರು "ಅದೇನು" ಅಂದರೆ ಸಾಕು, ಮಾವನವರು ಮುಚ್ಚಳ ತಿರುಗಿಸಿ ತೋರಿಸುವರು. ಯಾರೂ ಕೇಳದಿದ್ದರೆ ತಾವೇ, "ಇದ್ರೊಳಗೆ ಏನೈತೆ ಹೇಳಿ ನೋಡಾನ" ಎನ್ನುವರು. ಒಬ್ಬ ಅಜ್ಜಿ ಬೆರಳು ಅದ್ದಿ ಕಣ್ಣಿಗೊತ್ತಿಕೊಂಡಳು. ಒಂದು ಮಗು ಅದರೊಳಗೆ ಬಿಸ್ಕತ್ತು ಹಾಕಿತು. ಟಿಕೆಟ್ ನೋಡಲು ಬಂದವರೂ ಇಣುಕಿ ನೋಡಿ ಮುಂದಕ್ಕೆ ಹೋದರು. "ಮಾವ, ಪದೇ ಪದೇ ತೆಗೆದರೆ ಕರಗಿಹೋಗುತ್ತದೆ" ಎಂದು ನಾನು ಹೇಳಿದ್ದಕ್ಕೆ, "ಮುಚ್ಚಿಟ್ರೆ ಗಾಳಿ ಇಲ್ದೆ ಕೊಳೀತೈತೆ" ಎಂದರು.

ಊರು ಮುಟ್ಟಿದಾಗ ಹಟ್ಟಿಯ ಮುಂದೆ ಅತ್ತೆಯವರು ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು, ಕಂಚಿನ ತಟ್ಟೆ ಹಿಡಿದು ಕೂತಿದ್ದರು. ಅಕ್ಕಪಕ್ಕದ ಹೆಂಗಸರೂ ಬಂದಿದ್ದರು. ಮಾವನವರು ಮಂತ್ರ ಹೇಳುವವರಂತೆ ತುಟಿ ಅಲ್ಲಾಡಿಸುತ್ತಾ ಫ್ಲಾಸ್ಕನ್ನು ಬಗ್ಗಿಸಿದರು. ತಟ್ಟೆಗೆ ಬಿದ್ದದ್ದು ಬೂದುಬಣ್ಣದ ಒಂದಿಷ್ಟು ನೀರು, ಒಂದು ಚಮಚ ಕರಿ ಗಸಿ, ನೆನೆದ ಬಿಸ್ಕತ್ತು.

ಅತ್ತೆಯವರು ಬಿಸ್ಕತ್ತನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

"ಇದನ್ನ ತರೋಕೆ ಅಷ್ಟು ದೂರ ಹೋಗಿದ್ರಾ? ನಮ್ಮ ಕೆರೇಲೇ ಸಿಕ್ತಿತ್ತಲ್ಲ."

"ಏಯ್, ಮಂಜೇ ಕಣೇ ಅದು. ಧೂಳು ತಿಂದ್ಹಾಕೈತೆ. ಕರೀ ಧೂಳು ಕೂತ್ರೆ ಮಂಜು ನಿಲ್ಲಲ್ಲ, ಕರಗೋತದೆ. ಕೇಳು ಬೇಕಾದ್ರೆ ಅಳಿಯಂದ್ರನ್ನ."

ನಾನು ಮುಂದೆ ಬಂದು ಚಹಾದವನ ಪಾಠವನ್ನು ಒಪ್ಪಿಸಿದೆ. ಕಪ್ಪು ಬಿಸಿಲನ್ನು ಕುಡಿಯುತ್ತದೆ, ಬಿಳಿ ಎಸೆಯುತ್ತದೆ, ಇತ್ಯಾದಿ. ಹೆಂಗಸರು ತಲೆಯಾಡಿಸಿದರು. ಅತ್ತೆಯವರು ಮಾತ್ರ ಗಂಡನ ಹೆಗಲ ಕಡೆ ಬೆರಳು ತೋರಿಸಿದರು.

"ಇವ್ರು ಹುಟ್ಟಿದಾಗಿಂದ ಕರೀ ಕಂಬಳಿ ಹೊದ್ಕೊಂಡು ಸುಡೋ ಬಿಸಿಲಲ್ಲಿ ಕುರಿ ಕಾಯ್ತಾವ್ರೆ. ಕರಗಿದ್ರಾ?"

ಎಲ್ಲರೂ ಮಾವನವರನ್ನು ನೋಡಿದರು. ಅವರು ಕರಗಿರಲಿಲ್ಲ, ನಿಜ ಹೇಳಬೇಕೆಂದರೆ ಯಾತ್ರೆಯ ಅಡುಗೆಯವರ ದಯೆಯಿಂದ ಇನ್ನಷ್ಟು ತುಂಬಿಕೊಂಡಿದ್ದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು "ಅದು ಬೇರೆ, ಇದು ಬೇರೆ" ಅಂದೆ. ಏನು ಬೇರೆ ಎಂದು ಅತ್ತೆಯವರು ಕೇಳಿದರು. ನಾನು ಕೈಕಾಲು ತೊಳೆಯಲು ಹೋದೆ.

ಈ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತೆಯವರು ಪ್ರತಿ ಸಲ ಮಗಳಿಗೆ ಫೋನು ಮಾಡಿದಾಗಲೂ, ಊಟ ಆಯಿತಾ ಎಂದು ಕೇಳುವ ಮೊದಲೇ, "ಏನಂತಾರೆ ನಮ್ಮ ಅಳಿಯಂದ್ರು, ಕರೀದು ಕರಗ್ತದಂತಾ ಈಗ್ಲೂ?" ಎಂದು ಕೇಳತೊಡಗಿದರು. ಮಾವನವರು ಅತ್ತ ಊರಿನಲ್ಲಿ ಕುರಿಗಳನ್ನು ಮೆಲ್ಲಗೆ ನಡೆಸಿಕೊಂಡು ಹೋಗುತ್ತಿದ್ದಾರೆ, ಧೂಳು ಎಬ್ಬಿಸಬೇಡಿ ಎಂದು ಬೇರೆ ಕುರಿಯವರಿಗೂ ಹೇಳುತ್ತಿದ್ದಾರೆ, ಅದರಿಂದ ಕುರಿಗಳು ಸಂಜೆ ಮನೆ ಸೇರುವುದೇ ತಡವಾಗುತ್ತಿದೆ ಎಂದೂ ವರದಿ ಬಂತು. ಕೊನೆಗೆ ನನ್ನ ಹೆಂಡತಿಗೇ ಸಾಕಾಗಿ, "ಮುಂದಿನ ಬೇಸಿಗೆಗೆ ಇಬ್ಬರೂ ಇಲ್ಲಿಗೆ ಬನ್ನಿ. ರಾಯದುರ್ಗದಾಗೆ ಬಿಸಿಲಿಗೇನು ಬರವಿಲ್ಲ, ಐಸೂ ಸಿಗ್ತೈತೆ. ಮಾಡಿ ನೋಡಾಣ" ಎಂದಳು.

ಪಣವನ್ನೂ ಅವಳೇ ಕಟ್ಟಿದಳು. ಕರಿ ಮಸಿ ಹಾಕಿದ ಮಂಜುಗಡ್ಡೆ ಮೊದಲು ಕರಗಿದರೆ ಅತ್ತೆ ಸೋತಂತೆ. ಕರಿ ಕಂಬಳಿ ಹೊದೆಸಿದ ಗಡ್ಡೆ ಕೊನೆಯವರೆಗೂ ಉಳಿದರೆ ನಾನು ಸೋತಂತೆ. ನಾನು ಸೋತರೆ ಒಂದು ದಿನ ಕಂಬಳಿ ಹೊದ್ದು ಕುರಿ ಕಾಯಬೇಕು. ಅತ್ತೆ ಸೋತರೆ ನಮ್ಮ ಯೂನಿಟ್ಟಿನ ಜೀನ್ಸ್ ಪ್ಯಾಂಟು ಹಾಕಿಕೊಂಡು ಮಡಕಶಿರಾ ಸಂತೆಗೆ ಹೋಗಬೇಕು. ಆದರೆ ಅತ್ತೆಯವರಿಗೆ ಪ್ಯಾಂಟು ಹಾಕಿಸಲು ಯಾರಿಗೂ ಧೈರ್ಯವಿಲ್ಲದ ಕಾರಣ, ಅವರ ಪರವಾಗಿ ಮಾವನವರು ಹಾಕಿಕೊಳ್ಳಬೇಕು. ಈ ಒಪ್ಪಂದ ಆಗುವಾಗ ಮಾವನವರು ಕುರಿಗೆ ನೀರು ಕುಡಿಸಲು ಹೋಗಿದ್ದರು.

ಅವರಿಬ್ಬರೂ ಬಂದ ಮರುದಿನ ಬೆಳಿಗ್ಗೆ ನಾನು ಐಸ್ ಮಾರುವ ಹೆಂಗಸಿನ ಹತ್ತಿರ ಹೋದೆ. ಕಬ್ಬಿನ ಹಾಲಿನವರಿಗೆ, ಸೋಡಾದವರಿಗೆ ಐಸ್ ಕೊಡುವವಳು.

"ಮೂರು ಗಡ್ಡಿ ಯಾಕ ಬೇಕ್ರಿ? ಮನಿಯಾಗ ಮದಿವಿ ಐತೇನ್ರಿ?"

"ಇಲ್ಲರಿ. ಒಂದಕ್ಕ ಮಸಿ ಬಳಿಬೇಕು, ಒಂದಕ್ಕ ಕಂಬಳಿ ಹೊಚ್ಚಬೇಕು, ಒಂದನ್ನ ಸುಮ್ನ ಬಿಸಿಲಿಗೆ ಇಡಬೇಕು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮೈಯಾಗ ಆರಾಮ ಅದೀರಿ ಹೌದಲ್ರಿ?"

ಮಹಡಿಯ ಮೇಲೆ ಮೂರು ಸ್ಟೀಲ್ ತಟ್ಟೆಗಳನ್ನು ಸಾಲಾಗಿಟ್ಟು, ಒಂದೊಂದರಲ್ಲಿ ಒಂದು ಗಡ್ಡೆ ಇಟ್ಟೆವು. ಬಚ್ಚಲ ಹಂಡೆಯ ತಳದಿಂದ ಮಸಿ ಕೆರೆದು, ರಾಗಿಹಿಟ್ಟಿನ ಜರಡಿಯಿಂದ ತೆಳ್ಳಗೆ ಉದುರಿಸಿದೆ. ಯಾವ ಜರಡಿ ಎಂದು ಹೆಂಡತಿಗೆ ಗೊತ್ತಾದದ್ದು ಆಮೇಲೆ. ಅದರ ವಿವರ ಇಲ್ಲಿ ಬೇಡ. ಎರಡನೆಯದರ ಮೇಲೆ ಮಾವನವರ ಕಂಬಳಿಯನ್ನು ಮಡಿಸಿ ಹೊದೆಸಿ, ಅತ್ತೆಯವರು ಮಗುವಿಗೆ ಮಾಡುವಂತೆ ಅಂಚುಗಳನ್ನು ಒಳಕ್ಕೆ ಒತ್ತಿದರು. ಮೂರನೆಯದು ಬರಿಮೈಯಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು.

ಕೆಲಸ ಕೆಟ್ಟದ್ದು ಕೂಡಲೇ. ಕೆಳಗಿನ ಯೂನಿಟ್ಟಿನ ಧೂಳನ್ನು ಹೊರಗೆಳೆಯುವ ಫ್ಯಾನಿನ ಬಾಯಿ ಮಹಡಿಯ ಪಕ್ಕಕ್ಕೇ ಇದೆ. ಅಲ್ಲಿ ಬಟ್ಟೆ ಕತ್ತರಿಸಲು ಶುರುಮಾಡಿದ್ದೇ ತಡ, ನೀಲಿ ನೂಲಿನ ಧೂಳು ಮೋಡದಂತೆ ಎದ್ದುಬಂದು ಬೆಳ್ಳಗಿದ್ದ ಗಡ್ಡೆಯ ಮೇಲೆ ಕೂತಿತು. ನೋಡನೋಡುತ್ತಾ ಅದು ಜೀನ್ಸ್ ತೊಟ್ಟ ಮಂಜುಗಡ್ಡೆಯಾಯಿತು. ಮಸಿಯದಕ್ಕೂ ನೀಲಿಯದಕ್ಕೂ ಕರಗುವುದರಲ್ಲಿ ಪೈಪೋಟಿ ಬಿದ್ದಂತೆ ಎರಡೂ ಜಾರತೊಡಗಿದವು.

"ನೋಡಿದ್ರಾ, ಇದು ಕರೀದಲ್ಲ, ನೀಲಿ. ಇದೂ ಕರಗ್ತಾ ಐತೆ. ನಿಮ್ಮ ಲೆಕ್ಕ ತಪ್ಪು" ಎಂದರು ಅತ್ತೆ.

"ನೀಲಿಯೂ ಬಿಸಿಲು ಕುಡೀತದೆ ಅತ್ತೆ. ಬೆಳ್ಳಗಿಲ್ಲದ್ದೆಲ್ಲ ಕುಡೀತದೆ."

"ಅಂಗಾದ್ರೆ ನಿಮ್ಮೂರಲ್ಲಿ ಹಿಮಾಲಯ ಇದ್ದಿದ್ರೆ ಒಂದು ವಾರಾನೂ ನಿಲ್ತಿರ್ಲಿಲ್ಲ" ಎಂದು ಅವರು ಸೆರಗಿನಿಂದ ತಮ್ಮ ಮೂಗನ್ನೂ ಒರೆಸಿಕೊಂಡು, ಅದರಲ್ಲಿ ಬಂದ ಬಣ್ಣವನ್ನು ನೋಡಿ ಗಾಬರಿಯಾದರು.

ಅಷ್ಟರಲ್ಲಿ ಮಾವನವರು ಇನ್ನೊಂದು ಕೆಲಸ ಮಾಡಿದ್ದರು. ಬಾಯಾರಿಕೆಯಾಗಿ, ಕಂಬಳಿಯ ಕೆಳಗಿನ ಗಡ್ಡೆಯಿಂದ ಒಂದು ದೊಡ್ಡ ಚೂರು ಒಡೆದು ನನ್ನಾರಿ ಶರಬತ್ತಿಗೆ ಹಾಕಿಕೊಂಡು, ನೆರಳಿನಲ್ಲಿ ಕೂತು ಕಣ್ಣುಮುಚ್ಚಿ ಕುಡಿಯುತ್ತಿದ್ದರು. ಸ್ಪರ್ಧೆ ರದ್ದಾಯಿತು. ಉಳಿದ ಐಸನ್ನೆಲ್ಲ ಹೊಲಿಯುವವರಿಗೆ ಶರಬತ್ತು ಮಾಡಿ ಹಂಚಿದೆವು. ಮಸಿಯದನ್ನು ತೊಳೆದು, ನೀಲಿಯದನ್ನು ಗಿಡಕ್ಕೆ ಹಾಕಿ.

ಮರುದಿನ ಹೆಂಡತಿ ಕತ್ತರಿ ಕೆಲಸಕ್ಕೆ ರಜೆ ಕೊಟ್ಟು ಫ್ಯಾನು ನಿಲ್ಲಿಸಿದಳು. ಕೆಲಸವಿಲ್ಲದ್ದರಿಂದ ಹೊಲಿಗೆಯವರು, ಇಸ್ತ್ರಿಯವರು, ಗುಂಡಿ ಹಾಕುವವರು ಎಲ್ಲರೂ ಮಹಡಿಗೆ ಬಂದರು. ಪಕ್ಕದ ಮಹಡಿಗಳ ಮೇಲೂ ಜನ. ಐಸ್ ಮಾರುವ ಹೆಂಗಸು ತಾನೇ ಗಡ್ಡೆಗಳನ್ನು ತಂದು, ವಾಪಸು ಹೋಗದೆ ನಿಂತಳು. "ಏನಾಗತೈತಿ ನೋಡೇ ಹೋಗ್ತೀನ್ರಿ. ನಮ್ಮ ಐಸಿಗೆ ಇಷ್ಟು ಮರ್ಯಾದಿ ಯಾವತ್ತೂ ಸಿಕ್ಕಿಲ್ರಿ" ಎಂದಳು. ಮಾವನವರನ್ನು ಗಡ್ಡೆಗಳಿಂದ ದೂರ, ಕೊಡೆಯ ಕೆಳಗೆ, ಮೊದಲೇ ಶರಬತ್ತು ಕೊಟ್ಟು ಕೂರಿಸಲಾಯಿತು.

ಬಿಸಿಲು ಏರಿತು. ಮಸಿ ಹಾಕಿದ ಗಡ್ಡೆ ಮೊದಲು ಸುಮ್ಮನಿತ್ತು. ಆಮೇಲೆ ಅದರ ಮೈಮೇಲೆ ಸಣ್ಣ ಸಣ್ಣ ಗುಳಿಗಳು ಬಿದ್ದವು. ಮಸಿಯ ಒಂದೊಂದು ಕಣವೂ ತಾನು ಕೂತ ಜಾಗವನ್ನು ಕರಗಿಸಿಕೊಂಡು ಕೆಳಕ್ಕೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗಡ್ಡೆ ಪಡ್ಡಿನ ಹಂಚಿನಂತೆ ತೂತುತೂತಾಯಿತು. ಬೆಟ್ಟದ ಮೇಲಿನ ಆ ಹಿಮದಲ್ಲಿ ನೋಡಿದ್ದೂ ಇಂಥದ್ದೇ ಗುಂಡಿಗಳು. ಆಗ ಯಾರೋ ಕೋಲಿನಿಂದ ಚುಚ್ಚಿದ್ದಾರೆ ಅಂದುಕೊಂಡಿದ್ದೆ. ನಾನು ಎಲ್ಲರನ್ನೂ ಕರೆದು ಕರೆದು ತೋರಿಸಿದೆ. "ಹೌದ್ರಿ, ಹೌದ್ರಿ" ಎಂದು ಇಸ್ತ್ರಿಯವರು ಒಪ್ಪಿದರು. ನನ್ನ ಪಕ್ಷ ಬಲವಾಯಿತೆಂದು ಕೊಡೆಯ ಕೆಳಗಿನಿಂದ ಮಾವನವರೂ, "ನಾನು ಮೊದ್ಲೇ ಹೇಳಿರ್ಲಿಲ್ವಾ" ಎಂದು ಕೂಗಿದರು. ಆಗ ನನ್ನ ಹೆಂಡತಿ ಮೆಲ್ಲಗೆ ಅವರ ಕಿವಿಯಲ್ಲಿ ಪ್ಯಾಂಟಿನ ವಿಷಯ ಹೇಳಿದಳು. ಮಾವನವರು ಕೂಡಲೇ ಕಂಬಳಿಯ ಪಕ್ಷಕ್ಕೆ ಹಾರಿದರು.

ಮಸಿಯದು ಮೊದಲು ನೀರಾಯಿತು. ನಾನು ಎರಡೂ ಕೈ ಎತ್ತಿದೆ. ಬರಿಮೈಯದು ಅದಾದ ಎಷ್ಟೋ ಹೊತ್ತಿನ ಮೇಲೆ ಹೋಯಿತು. ಆಗ ಅತ್ತೆಯವರು ಎದ್ದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಂಬಳಿಯ ಒಂದು ಅಂಚನ್ನು ಎತ್ತಿದರು. ಒಳಗೆ ಗಡ್ಡೆ ದೊಡ್ಡದಾಗಿ, ತಣ್ಣಗೆ, ಏನೂ ಆಗಿಲ್ಲವೆಂಬಂತೆ ಕೂತಿತ್ತು.

"ಕರೀದು! ಕರೀ ಕಂಬಳಿ!" ಎಂದು ಅವರೂ ಎರಡೂ ಕೈ ಎತ್ತಿದರು.

ಹೀಗೆ ಒಂದೇ ಮಹಡಿಯ ಮೇಲೆ ಅತ್ತೆ, ಅಳಿಯ ಇಬ್ಬರೂ ಗೆದ್ದು ಕೈಯೆತ್ತಿ ನಿಂತೆವು. ಕರಿಯದು ಕರಗಿಸುತ್ತದೆಯೋ, ಕಾಯುತ್ತದೆಯೋ? ಜನ ಎರಡು ಗುಂಪಾದರು. ಹೊಲಿಗೆಯವರೆಲ್ಲ ಅತ್ತೆಯ ಕಡೆ, ಇಸ್ತ್ರಿಯವರು ನನ್ನ ಕಡೆ. ಗುಂಡಿ ಹಾಕುವವರು ಊಟಕ್ಕೆ ಏನು ಎಂದು ಕೇಳಿದರು. ನಾನು ಸುಮ್ಮನಿರಲಾಗದೆ ಕಂಬಳಿಯ ಮೇಲೆ ಕೈಯಿಟ್ಟೆ, ತಟಕ್ಕನೆ ತೆಗೆದೆ. ರೊಟ್ಟಿ ಬೇಯಿಸುವ ಹಂಚಿನಂತೆ ಕಾದಿತ್ತು. ಕೈಯನ್ನು ಕಂಬಳಿಯ ಕೆಳಗೆ ತೂರಿಸಿದೆ. ಉಣ್ಣೆಯ ಒಳಮೈ ಹಿಮದಂತೆ ತಣ್ಣಗೆ.

"ಬಿಸಿಲನ್ನ ಕುಡಿದೈತೆ, ಆದ್ರೆ ಕೆಳಗೆ ಬಿಟ್ಟಿಲ್ಲ" ಎಂದೆ, ನನಗೆ ನಾನೇ ಹೇಳಿಕೊಳ್ಳುವಂತೆ. ಒಂದೇ ಪದರದ ಮಸಿ ಕುಡಿದ ಬಿಸಿಲನ್ನೆಲ್ಲ ಕೆಳಗಿನ ಮಂಜಿಗೆ ಕೊಟ್ಟುಬಿಡುತ್ತದೆ. ದಪ್ಪ ಕಂಬಳಿ ಕುಡಿದದ್ದನ್ನು ತನ್ನ ಬೆನ್ನಲ್ಲೇ ಇಟ್ಟುಕೊಳ್ಳುತ್ತದೆ. ಹೇಳುತ್ತಿದ್ದಂತೆ ಇನ್ನೊಂದೂ ನೆನಪಾಯಿತು. ಬೆಟ್ಟದಲ್ಲಿ ಆ ಕೊಳಕು ಹಾಸಿನ ನಡುವೆ ಒಂದು ಚಪ್ಪಡಿ ಕಲ್ಲು ಎತ್ತರದ ಹಿಮದ ದಿಂಡಿನ ಮೇಲೆ ಕೊಡೆಯಂತೆ ನಿಂತಿತ್ತು. ಸುತ್ತಲಿನ ಹಿಮವೆಲ್ಲ ಧೂಳು ಕೂತು ತಗ್ಗಿಹೋಗಿತ್ತು; ಕಲ್ಲಿನ ಕೆಳಗಿನದು ಮಾತ್ರ ಉಳಿದಿತ್ತು. ಮಾವನವರು ಆಗ ಅದರ ಮೇಲೆ ಕೂತು ಕಡಲೆಕಾಯಿ ತಿಂದಿದ್ದರು, ನಾನು ಫೋಟೊ ತೆಗೆದಿದ್ದೆ. ಇಬ್ಬರೂ ಕೆಳಗೆ ನೋಡಿರಲಿಲ್ಲ.

ಹೆಂಡತಿ ತೀರ್ಪು ಕೊಟ್ಟಳು. "ಇಬ್ರೂ ಗೆದ್ದಿದೀರ, ಅಂದ್ರೆ ಇಬ್ರೂ ಸೋತಿದೀರ. ಅಪ್ಪ ಪ್ಯಾಂಟು ಹಾಕ್ಕೋಬೇಕು, ಇವ್ರು ಕುರಿ ಕಾಯ್ಬೇಕು."

"ನಾನು ಏನ್ ತಪ್ಪು ಮಾಡಿದ್ನವ್ವ?" ಎಂದು ಮಾವನವರು ಕೊಡೆಯ ಕೆಳಗೆ ಎದ್ದು ನಿಂತರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏಕೆಂದರೆ ಅತ್ತೆಯವರು ಆಗಲೇ ಅಡುಗೆಮನೆಯಿಂದ ತುರಿಯುವ ಮಣೆ ತಂದು, ಗಡ್ಡೆಯನ್ನು ಒಡೆದು, ತೆಂಗಿನಕಾಯಿ ತುರಿದಂತೆ ಮಂಜು ತುರಿಯತೊಡಗಿದ್ದರು.

ಸರಸರ ಸದ್ದಿನೊಂದಿಗೆ ಬೆಳ್ಳಗಿನ ಪುಡಿ ತಟ್ಟೆಯ ಮೇಲೆ ಬೀಳುತ್ತಿತ್ತು. ಮಾತಾಡುತ್ತಿದ್ದವರೆಲ್ಲ ಸುತ್ತ ಬಂದು ಬಗ್ಗಿ ನೋಡಿದರು. ರಾಯದುರ್ಗದ ಆ ಬಿಸಿಲಿನಲ್ಲಿ, ಕಾದ ಕಾಂಕ್ರೀಟಿನ ಮೇಲೆ, ಅಷ್ಟು ಬಿಳಿಯದನ್ನು ನಾವ್ಯಾರೂ ನೋಡಿರಲಿಲ್ಲ. ಬೆಟ್ಟದ ಮೇಲೆ ನಾನು ನೋಡಿದ ಹಿಮ ಇದರ ಮುಂದೆ ಏನೂ ಅಲ್ಲ. ಅತ್ತೆಯವರು ಒಂದು ಹಿಡಿ ಎತ್ತಿ ಕೆನ್ನೆಗೆ ಒತ್ತಿಕೊಂಡರು. ಬಾಯಲ್ಲಿ ಹಾಕಿಕೊಂಡರು. ಆಮೇಲೆ ಉಳಿದದ್ದನ್ನು ನೆಲಕ್ಕೆ ಸುರಿದು, ಚಪ್ಪಲಿ ಬಿಟ್ಟು, ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಅದರ ಮೇಲೆ ಎರಡೂ ಪಾದ ಇಟ್ಟರು.

"ಅಯ್ಯಯ್ಯಪ್ಪಾ! ಕಾಲು ಕಿತ್ಕೊಂಡು ಓಗ್ತದೆ! ಅದೆಂಗೆ ಕುಣೀತಾರವ್ವ ಆ ಹುಡುಗೀರು!"

ಹೀಗೆ ಹೇಳುತ್ತಲೇ ಅವರೂ ಕುಣಿಯುತ್ತಿದ್ದರು, ಕುಣಿಯದೆ ಬೇರೆ ದಾರಿಯಿರಲಿಲ್ಲ. ಒಂದು ಕಾಲೆತ್ತಿದರೆ ಇನ್ನೊಂದು ಸುಡುವಂತೆ ತಣ್ಣಗೆ. ಹೊಲಿಗೆಯ ಹೆಂಗಸರು ಚಪ್ಪಾಳೆ ತಟ್ಟಿದರು. ಮಾವನವರು ನಗುವುದನ್ನು ಕಂಡು ಅತ್ತೆಯವರು ಒಂದು ಹಿಡಿ ಬಾಚಿ ಅವರ ಮುಖಕ್ಕೇ ಎಸೆದರು. ಅದು ಗುರಿ ತಪ್ಪಿ ಇಸ್ತ್ರಿಯವರಿಗೆ ತಾಗಿತು. ಇಸ್ತ್ರಿಯವರು ಗುಂಡಿಯವರಿಗೆ ಎಸೆದರು. ಐಸ್ ಮಾರುವ ಹೆಂಗಸು, "ತಡೀರಿ, ಇನ್ನೊಂದು ಗಡ್ಡಿ ತರತೀನ್ರಿ!" ಎಂದು ಮೆಟ್ಟಿಲಿಳಿದು ಓಡಿದಳು. ಅವಳು ಬರುವವರೆಗೆ ನೆಲದ ಮೇಲಿನ ಐಸು ನೀರಾಗಿ, ನೀರು ಹಬೆಯಾಗಿ, ಮಹಡಿ ಒಣಗಿಹೋಗಿತ್ತು. ಆದರೂ ಎಲ್ಲರೂ ಬರಿಗೈಯಲ್ಲೇ ಇನ್ನೂ ಎಸೆದಾಡುತ್ತಿದ್ದರು.

ನಾನು ಮಾತಿಗೆ ತಪ್ಪಲಿಲ್ಲ. ಮುಂದಿನ ವಾರವೇ ಮಡಕಶಿರಾಕ್ಕೆ ಹೋಗಿ, ಕಂಬಳಿ ಹೊದ್ದು ಕುರಿಗಳ ಹಿಂದೆ ಹೊರಟೆ. ಮೇಲೆ ಹಂಚು, ಕೆಳಗೆ ತಂಪು ಎಂದು ನಂಬಿ ಹೋದೆ. ಮಂಜುಗಡ್ಡೆ ಒಳಗೆ ತಣ್ಣಗಿದ್ದದ್ದು ಅದು ಮೊದಲೇ ತಣ್ಣಗಿದ್ದದ್ದಕ್ಕೆ. ನಾನು ಮೊದಲೇ ಬಿಸಿಯಾಗಿದ್ದೆ. ಮಧ್ಯಾಹ್ನಕ್ಕೆಲ್ಲ ನಾನು ಹುಣಸೆಮರದ ಕೆಳಗೆ, ಕಂಬಳಿ ಪಕ್ಕದಲ್ಲಿ, ಕುರಿಗಳು ಯಾರದೋ ಹೊಲದಲ್ಲಿ. ಅವುಗಳನ್ನು ಹೊರಗಟ್ಟಲು ಅತ್ತೆಯವರೇ ಬರಬೇಕಾಯಿತು.

ಮಾವನವರ ಪ್ಯಾಂಟಿನ ದಿನ ಅದಕ್ಕಿಂತ ಚೆನ್ನಾಗಿ ಕಳೆಯಿತು. ನಾನೇ ಅಳತೆ ತೆಗೆದು ಹೊಲಿಸಿದ್ದೆ, ಕುಕ್ಕರಗಾಲಲ್ಲಿ ಕೂರಲು ಆಗುವಂತೆ ಸಡಿಲವಾಗಿ. ಆದರೂ ಅವರು ಕೂರುವ ಧೈರ್ಯ ಮಾಡದೆ, ಸಂತೆಯಲ್ಲಿ ಎರಡೂ ಕೈ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತರು. ಹಾಗೆ ನಿಂತ ಪ್ಯಾಂಟಿನವರನ್ನು ಕಂಡು ಕುರಿ ಮಾರಲು ಬಂದ ಒಬ್ಬರು ಅವರನ್ನು ಪಶುವೈದ್ಯರೆಂದೇ ತಿಳಿದು, ತೆಲುಗಿನಲ್ಲಿ "ಸಾರ್, ಈ ಗೊರ್ರೆ ಮೇತ ಮೇಯಡಂ ಲೇದು ಸಾರ್" ಎಂದು ಮೇವು ಮುಟ್ಟದ ಒಂದು ಕುರಿಯನ್ನು ಎಳೆದುಕೊಂಡು ಬಂದರು. ಮಾವನವರು ಅಲ್ಲ ಎನ್ನಲಿಲ್ಲ. ಗಂಭೀರವಾಗಿ ಅದರ ಬಾಯಿ ತೆರೆದು ನೋಡಿ, ಕಿವಿ ಮುಟ್ಟಿ, "ನೀಳ್ಳು ತಾಗಿಂಚಂಡಿ" ಎಂದು ನೀರು ಕುಡಿಸಲು ಹೇಳಿದರು. ಕುರಿ ನಿಜಕ್ಕೂ ಬಾಯಾರಿತ್ತು. ಅದು ಕುಡಿದು ಮೇವಿಗೆ ಬಾಯಿ ಹಾಕಿದ್ದನ್ನು ಕಂಡು ಇನ್ನೂ ನಾಲ್ಕಾರು ಜನ ತಮ್ಮ ಕುರಿಗಳನ್ನು ತಂದು ಸಾಲು ನಿಂತರು. ಮಾವನವರು ಸಂಜೆಯವರೆಗೂ ಬಾಯಿಗಳನ್ನು ತೆರೆದು ನೋಡಿದರು.

ಊರಿಗೆ ಬಂದಾಗ ಅವರ ಸ್ವಂತ ಕುರಿಗಳೇ ಅವರನ್ನು ಗುರುತಿಸದೆ ಚೆಲ್ಲಾಪಿಲ್ಲಿಯಾಗಿ ಓಡಿದವು. "ಏ, ನಾನು ಕಣ್ರೋ, ನಾನು!" ಎಂದು ಕೂಗಿದರೂ ಒಂದೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ಅವರು ಬೇಲಿಯ ಮರೆಗೆ ಹೋಗಿ, ಪ್ಯಾಂಟು ಬಿಚ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು, ಟವೆಲ್ಲು ಸುತ್ತಿಕೊಂಡು ಹೊರಗೆ ಬಂದರು. ಮುದಿ ಟಗರು ಮೊದಲು ಬಂದು ಅವರ ಮೊಣಕಾಲು ಮೂಸಿತು. ಆಮೇಲೆ ಮಿಕ್ಕವೂ ಒಂದೊಂದಾಗಿ ಬಂದು ಸೇರಿಕೊಂಡವು.